ಮಕ್ಕಳ ಕಿಡ್ನಿ ಕಸಿ: ರಿಜೆಕ್ಷನ್ ಪತ್ತೆಗೆ ರಕ್ತಪರೀಕ್ಷೆ ಸಾಕೇ, ಬಯಾಪ್ಸಿಯನ್ನು ಬಿಡಬಹುದೇ?

ಚರ್ಚೆ ಆರಂಭಿಸಿದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಆರು ವರ್ಷ. ಹುಟ್ಟುವಾಗಲೇ ಅವಳ ಎರಡೂ ಕಿಡ್ನಿಗಳು ಸರಿಯಾಗಿ ಬೆಳೆದಿರಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಅವಳ ತಂದೆಯ ಕಿಡ್ನಿಯನ್ನು ಅವಳಿಗೆ ಕಸಿ ಮಾಡಿದರು. ಅಂದಿನಿಂದ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) 0.5ರ ಆಸುಪಾಸಿನಲ್ಲೇ ಇದೆ, ಮಗು ಆಟಪಾಠಗಳಲ್ಲಿ ಚೆನ್ನಾಗಿದ್ದಾಳೆ.

ಮೂರನೇ ತಿಂಗಳಲ್ಲಿ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಬಯಾಪ್ಸಿ (ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡುವುದು) ಮಾಡಿದ್ದರು. ಎರಡರಲ್ಲೂ ರಿಜೆಕ್ಷನ್, ಅಂದರೆ ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸುವ ಲಕ್ಷಣ, ಕಂಡಿರಲಿಲ್ಲ. ಆದರೆ ಎರಡನೆಯದಾದ ಮೇಲೆ ಎರಡು ದಿನ ಮೂತ್ರದಲ್ಲಿ ರಕ್ತ ಬಂತು. ಅರಿವಳಿಕೆಯಿಂದ ಎಚ್ಚರವಾದ ಮೇಲೆ ಅಲುಗಾಡದೆ ಮಲಗಿರಬೇಕೆಂದು ಹೇಳಿದ್ದರಿಂದ, ಅವಳು ನಿದ್ದೆಯಲ್ಲಿ ಕಾಲು ಮಡಚದಂತೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ರಾತ್ರಿಯಿಡೀ ಕುಳಿತಿದ್ದೆ. ಇಂದಿಗೂ ಆಸ್ಪತ್ರೆಯ ಹಸಿರು ಹೊದಿಕೆಯನ್ನು ಕಂಡರೆ ಅವಳು ನನ್ನ ಸೆರಗಿನ ಹಿಂದೆ ಅಡಗುತ್ತಾಳೆ.

ಈಗ ನಮ್ಮ ವೈದ್ಯರು ದಾನಿಯ ಡಿಎನ್‌ಎಯನ್ನು ಮಗುವಿನ ರಕ್ತದಲ್ಲಿ ಅಳೆಯುವ ಪರೀಕ್ಷೆಯನ್ನು ಮಾಡಿಸುತ್ತಿದ್ದಾರೆ. ಹನ್ನೊಂದನೇ ತಿಂಗಳಲ್ಲಿ ಅದು ಶೇ 0.3 ಇತ್ತು, ಕಳೆದ ವಾರ ಶೇ 0.8 ಬಂದಿದೆ. ವರದಿಯಲ್ಲಿ ಶೇ 1ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ ಎಂದೇ ಬರೆದಿದೆ. ಹಾಗಿದ್ದರೂ ಮೂರು ವಾರದೊಳಗೆ ಮತ್ತೆ ರಕ್ತ ಕೊಡಬೇಕು, ಜೊತೆಗೆ ಇನ್ನೂ ಕೆಲವು ಪರೀಕ್ಷೆಗಳು ಆಗಬೇಕು, ಅಗತ್ಯ ಬಿದ್ದರೆ ಬಯಾಪ್ಸಿಯನ್ನೂ ಮಾಡಬೇಕಾಗಬಹುದು ಎಂದು ಹೇಳಿದ್ದಾರೆ. ಒಂದಕ್ಕಿಂತ ಕಡಿಮೆಯಿರುವಾಗ ಈ ಆತುರವೇಕೆ? ಬಯಾಪ್ಸಿ ತಪ್ಪಿಸಲೆಂದೇ ಬಂದ ಪರೀಕ್ಷೆಯು ಮಗುವನ್ನು ಮತ್ತೆ ಬಯಾಪ್ಸಿಯ ಬಾಗಿಲಿಗೇ ಕರೆದೊಯ್ಯುವುದಾದರೆ ಅದರಿಂದ ಏನು ಪ್ರಯೋಜನ? ತಿಳಿದವರು ದಯವಿಟ್ಟು ವಿವರಿಸಿ.

ಮಕ್ಕಳ ಮೂತ್ರಪಿಂಡ ತಜ್ಞೆ

ಮೇಡಂ, ನಿಮ್ಮ ಮಗಳನ್ನು ನಾನು ನೋಡಿಲ್ಲ. ಆದ್ದರಿಂದ ಅವಳ ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ. ಆದರೆ ನೀವು ಕೇಳಿರುವ ಎರಡೂ ಪ್ರಶ್ನೆಗಳು ನನ್ನ ಹೊರರೋಗಿ ವಿಭಾಗದಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುವಂಥವು, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕ್ರಿಯಾಟಿನಿನ್ ಸರಿಯಿದೆ ಎಂಬ ಸಮಾಧಾನ ಮಕ್ಕಳಲ್ಲಿ ಎಷ್ಟು ದುರ್ಬಲವೆಂಬುದನ್ನು ಮೊದಲು ಹೇಳಬೇಕು. ಅರವತ್ತು ಎಪ್ಪತ್ತು ಕಿಲೋ ತೂಕದ ದೇಹವನ್ನು ಶುದ್ಧಗೊಳಿಸುತ್ತಿದ್ದ ಕಿಡ್ನಿಯೊಂದು ಈಗ ಹದಿನೇಳು ಕಿಲೋದ ಮಗುವಿನ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿದೆ. ಅದಕ್ಕೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಸಾಮರ್ಥ್ಯ ಕೈಯಲ್ಲಿರುತ್ತದೆ. ಒಳಗೆ ಉರಿಯೂತ ಆರಂಭವಾಗಿ ಒಂದು ಭಾಗ ಹಾಳಾಗುತ್ತಿದ್ದರೂ ಉಳಿದ ಭಾಗವೇ ಕೆಲಸವನ್ನು ತೂಗಿಸಿಕೊಂಡು ಹೋಗುವುದರಿಂದ ಕ್ರಿಯಾಟಿನಿನ್ ಮೇಲೇರುವುದೇ ಇಲ್ಲ. ಏರುವ ಹೊತ್ತಿಗೆ ಹಾನಿ ಸಾಕಷ್ಟು ಮುಂದುವರಿದಿರುತ್ತದೆ. ಇದರ ಜೊತೆಗೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಮಗು ಬೆಳೆದಂತೆ ಅದು ತಾನಾಗಿಯೇ ನಿಧಾನವಾಗಿ ಹೆಚ್ಚುತ್ತದೆ. ಹಾಗಾಗಿಯೇ ನಾವು ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸುವ ಶ್ವಾರ್ಟ್ಸ್ ಸೂತ್ರದಿಂದ ಕಿಡ್ನಿ ರಕ್ತ ಸೋಸುವ ವೇಗವನ್ನು ಅಂದಾಜಿಸುತ್ತೇವೆ. 108 ಸೆಂಟಿಮೀಟರ್ ಎತ್ತರದ ಮಗುವಿಗೆ ಕ್ರಿಯಾಟಿನಿನ್ 0.5 ಇದ್ದರೆ ಉತ್ತರ ಸುಮಾರು 89 ಬರುತ್ತದೆ. ನೋಡಲು ಸುಂದರವಾದ ಸಂಖ್ಯೆ, ಆದರೆ ಒಳಗೆ ಸದ್ದಿಲ್ಲದೆ ನಡೆಯುವ ರಿಜೆಕ್ಷನ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕ್ರಿಯಾಟಿನಿನ್ ಚೆನ್ನಾಗಿರುವಾಗಲೂ ಮೂರು, ಆರು, ಹನ್ನೆರಡನೇ ತಿಂಗಳುಗಳಲ್ಲಿ ಹಲವು ಕೇಂದ್ರಗಳು ಬಯಾಪ್ಸಿ ಮಾಡುವುದಕ್ಕೆ ಇದೇ ಕಾರಣ.

ಇನ್ನು ದಾನಿಯ ಡಿಎನ್‌ಎ ಪರೀಕ್ಷೆ. ನಮ್ಮೆಲ್ಲರ ದೇಹದಲ್ಲಿಯೂ ಜೀವಕೋಶಗಳು ಸಾಯುತ್ತಲೇ ಇರುತ್ತವೆ, ಅವುಗಳ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತವೆ. ಕಸಿ ಮಾಡಿದ ಕಿಡ್ನಿಯ ಕೋಶಗಳು ಸತ್ತಾಗ ಅಲ್ಲಿಂದ ಬರುವ ಚೂರುಗಳು ದಾನಿಯವು. ಪುರುಷ ದಾನಿಗಳಿಂದ ಅಂಗ ಪಡೆದ ಮಹಿಳೆಯರ ರಕ್ತದ್ರವದಲ್ಲಿ ವೈ ವರ್ಣತಂತುವಿನ ಚೂರುಗಳಿರುವುದನ್ನು ಡೆನಿಸ್ ಲೋ ಮತ್ತು ಅವರ ಸಂಗಡಿಗರು 1998ರಲ್ಲೇ ತೋರಿಸಿದ್ದರು. ಕಿಡ್ನಿಗೆ ಪೆಟ್ಟು ಬಿದ್ದಷ್ಟೂ, ರಕ್ತದಲ್ಲಿರುವ ಒಟ್ಟು ಡಿಎನ್‌ಎ ಚೂರುಗಳಲ್ಲಿ ದಾನಿಯವುಗಳ ಪಾಲು ಹೆಚ್ಚುತ್ತದೆ. ಅವು ರಕ್ತದಲ್ಲಿ ಎರಡು ಗಂಟೆಯೊಳಗೆ ಅರ್ಧಕ್ಕಿಳಿಯುವುದರಿಂದ ಇಂದಿನ ಮಾದರಿ ಇಂದಿನ ಸ್ಥಿತಿಯನ್ನೇ ಹೇಳುತ್ತದೆ.

ಶೇ 1 ಎಂಬ ಗೆರೆ ಎಲ್ಲಿಂದ ಬಂತೆಂದು ಕೇಳುವುದು ಒಳ್ಳೆಯದು. 2017ರಲ್ಲಿ ಪ್ರಕಟವಾದ ಡಾರ್ಟ್ ಅಧ್ಯಯನದಲ್ಲಿ 102 ಮಂದಿ ವಯಸ್ಕರ 107 ಬಯಾಪ್ಸಿಗಳನ್ನು ರಕ್ತದ ಮಾದರಿಗಳೊಂದಿಗೆ ಹೋಲಿಸಿದ್ದರು. ಶೇ 1ರ ಗೆರೆ ಹಾಕಿದಾಗ ರಿಜೆಕ್ಷನ್ ಇದ್ದವರಲ್ಲಿ ಶೇ 59 ಮಂದಿ ಮಾತ್ರ ಸಿಕ್ಕಿದರು. ಇಲ್ಲದವರಲ್ಲಿ ಶೇ 85 ಮಂದಿಗೆ ರಿಜೆಕ್ಷನ್ ಇಲ್ಲವೆಂದು ಪರೀಕ್ಷೆ ಸರಿಯಾಗಿಯೇ ಹೇಳಿತು. ಅವರೆಲ್ಲ ಏನೋ ಸಂದೇಹದಿಂದ ಬಯಾಪ್ಸಿ ಮಾಡಿಸಿಕೊಂಡವರು, ನಿಮ್ಮ ಮಗಳಂತೆ ಆರಾಮವಾಗಿದ್ದವರಲ್ಲ, ಮಕ್ಕಳಂತೂ ಅಲ್ಲ. ಆ ಗೆರೆಯನ್ನು ಎತ್ತಿ ತಂದು ಆರು ವರ್ಷದ ಮಗುವಿನ ಮುಂದೆ ಇಡುವಾಗ ಎಚ್ಚರ ಬೇಕು.

ಗೆರೆಗಿಂತ ನನಗೆ ಮುಖ್ಯವಾಗಿ ಕಾಣುವುದು ಅದೇ ಮಗುವಿನ ಹಿಂದಿನ ಸಂಖ್ಯೆ. ಸ್ಥಿರವಾಗಿದ್ದ ವಯಸ್ಕರಲ್ಲಿ ಮಾಡಿದ ಅಧ್ಯಯನವೊಂದರ ಪ್ರಕಾರ, ಒಂದು ಮಾದರಿಯಿಂದ ಇನ್ನೊಂದಕ್ಕೆ ಶೇ 61ರವರೆಗಿನ ಏರಿಕೆ ದೇಹದ ಸಹಜ ಏರಿಳಿತವೇ ಆಗಿರಬಹುದು. ನಿಮ್ಮ ಮಗಳದ್ದು 0.3ರಿಂದ 0.8ಕ್ಕೆ, ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಶೇ 1ರ ಕೆಳಗೇ ಇದ್ದರೂ ಇದು ಸಹಜ ಏರಿಳಿತವೆಂದು ಬಿಡುವಂಥದ್ದಲ್ಲ. ನಿಮ್ಮ ವೈದ್ಯರು ಮಾಡುತ್ತಿರುವುದು ಆತುರವಲ್ಲವೆಂದು ನನ್ನ ಅಭಿಪ್ರಾಯ.

ಮಗನಿಗೆ ಕಿಡ್ನಿ ಕೊಟ್ಟ ತಂದೆ

ನಮಸ್ಕಾರ ಮೇಡಂ. ನನ್ನ ಮಗನಿಗೂ ನಾನೇ ಕೊಟ್ಟದ್ದು, ನಾಲ್ಕು ವರ್ಷವಾಯಿತು. ನನಗಿರುವ ಸಂದೇಹವೆಂದರೆ, ಮಗ ನನ್ನ ರಕ್ತವನ್ನೇ ಹಂಚಿಕೊಂಡವನು, ನನ್ನ ಅರ್ಧದಷ್ಟು ಗುಣ ಅವನಲ್ಲಿದೆ. ಹೀಗಿರುವಾಗ ಯಾವ ಚೂರು ನನ್ನದು, ಯಾವುದು ಅವನದು ಎಂದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ನಾವು ಮೊದಲು ಹೋಗುತ್ತಿದ್ದ ಕಡೆ ಇದನ್ನು ಕೇಳಿದಾಗ ಅದೆಲ್ಲ ನಿಮಗೇಕೆ ಎಂದು ಹೇಳಿ ಕಳುಹಿಸಿದ್ದರು. ಕಿಡ್ನಿ ಕೊಟ್ಟವನಿಗೆ ಇದನ್ನು ಕೇಳುವ ಹಕ್ಕಿದೆಯೆಂದು ನಾನು ನಂಬುತ್ತೇನೆ.

ಪ್ರಯೋಗಾಲಯದ ತಂತ್ರಜ್ಞ

ಸಾರ್, ಖಂಡಿತ ಕೇಳಬೇಕಾದ ಪ್ರಶ್ನೆ. ನಾನು ಇಂಥ ಮಾದರಿಗಳನ್ನೇ ದಿನವೂ ನೋಡುವವನು, ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಮನುಷ್ಯರ ಡಿಎನ್‌ಎಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಒಂದೇ ಒಂದು ಅಕ್ಷರ ಬೇರೆಯಾಗುವ ಜಾಗಗಳು ಲಕ್ಷಾಂತರ ಇವೆ. ಪರೀಕ್ಷೆಯು ಅವುಗಳಲ್ಲಿ ಆಯ್ದ ನೂರಾರು ಅಥವಾ ಸಾವಿರಾರು ಜಾಗಗಳನ್ನು ಓದುತ್ತದೆ. ಪ್ರತಿ ಜಾಗದಲ್ಲೂ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ಅಕ್ಷರಗಳಿರುತ್ತವೆ. ಮಗುವಿನಲ್ಲಿ ಎರಡೂ ಒಂದೇ ಆಗಿರುವ ಜಾಗವನ್ನು ಹಿಡಿದು, ಅಲ್ಲಿ ಬೇರೆ ಅಕ್ಷರವಿರುವ ಚೂರುಗಳು ಎಷ್ಟು ಸಿಕ್ಕವೆಂದು ಎಣಿಸುತ್ತೇವೆ. ಆ ಬೇರೆ ಅಕ್ಷರ ಮಗುವಿನಿಂದ ಬರುವಂತಿಲ್ಲವಾದ್ದರಿಂದ ಅದು ದಾನಿಯದೇ.

ದಾನಿ ಯಾರೋ ಹೊರಗಿನವರಾದರೆ ಅವರ ಎರಡೂ ಅಕ್ಷರಗಳು ಬೇರೆಯಾಗಿರುವ ಜಾಗಗಳೂ ಸಿಗುತ್ತವೆ. ಆದರೆ ನೀವು ತಂದೆ. ಮಗನಲ್ಲಿ ಎರಡೂ ಒಂದೇ ಆಗಿರುವ ಜಾಗದಲ್ಲಿ, ಆ ಎರಡರಲ್ಲೊಂದು ನಿಮ್ಮಿಂದಲೇ ಬಂದಿರಬೇಕು; ಹಾಗಾಗಿ ನಿಮ್ಮಲ್ಲಿ ಬೇರೆಯಾಗಿರಲು ಉಳಿಯುವುದು ಒಂದೇ ಅಕ್ಷರ. ಅಂದರೆ ಅಂಥ ಜಾಗದಲ್ಲಿ ನಿಮ್ಮ ಚೂರುಗಳಲ್ಲಿ ಅರ್ಧ ಮಾತ್ರ ನಮಗೆ ಗುರುತು ಸಿಗುತ್ತವೆ, ಉಳಿದರ್ಧ ಮಗನ ಚೂರುಗಳಂತೆಯೇ ಕಾಣುತ್ತವೆ. ಲೆಕ್ಕ ಹಾಕುವಾಗ ಇದನ್ನು ಸರಿದೂಗಿಸಲೇಬೇಕು. ಆದ್ದರಿಂದ ರಕ್ತದ ಜೊತೆ ಕಳುಹಿಸುವ ಅರ್ಜಿಯಲ್ಲಿ ದಾನಿಯ ಸಂಬಂಧವನ್ನು ಕೇಳಿದ್ದರೆ ಆ ಅಂಕಣವನ್ನು ಖಾಲಿ ಬಿಡಬೇಡಿ, ತಪ್ಪಾಗಿಯೂ ತುಂಬಬೇಡಿ. ಮಕ್ಕಳಿಗೆ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ತಂದೆ ತಾಯಿಯರೇ ಹೆಚ್ಚಾದ್ದರಿಂದ ಇದು ಸಣ್ಣ ವಿಷಯವಲ್ಲ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿಯವರು ಅವಳಿ ಸಹೋದರರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಿಡ್ನಿ ಕಸಿ ಮಾಡಿ ಯಶಸ್ವಿಯಾದರು. ಅಂಥ ತದ್ರೂಪಿ ಅವಳಿಗಳಲ್ಲಿ ಮಾತ್ರ ಈ ಪರೀಕ್ಷೆ ನಡೆಯುವುದೇ ಇಲ್ಲ, ಏಕೆಂದರೆ ಬೇರ್ಪಡಿಸಲು ಒಂದು ಅಕ್ಷರದ ವ್ಯತ್ಯಾಸವೂ ಇರುವುದಿಲ್ಲ.

ರಕ್ತ ತೆಗೆಯುವ ಹಂತದಲ್ಲಿಯೇ ಫಲಿತಾಂಶ ಕೆಡಬಹುದೆಂಬುದನ್ನೂ ಹೆತ್ತವರು ತಿಳಿದಿರಬೇಕು. ಸಾಮಾನ್ಯ ನಳಿಕೆಯಲ್ಲಿ ರಕ್ತ ಗಂಟೆಗಟ್ಟಲೆ ಕುಳಿತರೆ ಮಗುವಿನ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಹೊರಚೆಲ್ಲುತ್ತದೆ. ಒಟ್ಟು ಮೊತ್ತ ಉಬ್ಬಿ ದಾನಿಯ ಪಾಲು ಸುಳ್ಳಾಗಿ ತಗ್ಗುತ್ತದೆ. ಇದನ್ನು ತಡೆಯಲು ಕಣಗಳು ಒಡೆಯದಂತೆ ಕಾಪಾಡುವ ದ್ರಾವಣವಿರುವ ವಿಶೇಷ ನಳಿಕೆ ಬೇಕು. ರಕ್ತ ತುಂಬಿದ ಮೇಲೆ ಅದನ್ನು ಕುಲುಕದೆ ಎಂಟು ಹತ್ತು ಬಾರಿ ಮೃದುವಾಗಿ ತಲೆಕೆಳಗು ಮಾಡಬೇಕು. ಬಯಾಪ್ಸಿ ಇದ್ದರೆ ರಕ್ತವನ್ನು ಅದಕ್ಕೂ ಮೊದಲೇ ತೆಗೆಯಬೇಕು, ಏಕೆಂದರೆ ಸೂಜಿ ಚುಚ್ಚಿದ ಗಾಯವೇ ದಾನಿಯ ಡಿಎನ್‌ಎಯನ್ನು ರಕ್ತಕ್ಕೆ ಬಿಡುತ್ತದೆ. ಇತ್ತೀಚೆಗೆ ರಕ್ತ ಕೊಡಿಸಿದ್ದರೆ ಅದನ್ನೂ ತಿಳಿಸಬೇಕು, ಮೂರನೆಯವರ ಡಿಎನ್‌ಎ ಸೇರಿರಬಹುದು.

ರಕ್ತದ ಪ್ರಮಾಣದ ಬಗ್ಗೆ ಒಂದು ಮಾತು. ಹದಿನೇಳು ಕಿಲೋ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 1,300 ಮಿ.ಲೀ. ಹತ್ತು ಮಿ.ಲೀ. ನಳಿಕೆಯೊಂದನ್ನು ತುಂಬಿದರೆ ಶೇಕಡಾ ಒಂದಕ್ಕೆ ಸ್ವಲ್ಪ ಕಡಿಮೆ. ಅದೇ ದಿನ ಕ್ರಿಯಾಟಿನಿನ್, ಔಷಧದ ಮಟ್ಟ, ವೈರಸ್, ಪ್ರತಿಕಾಯ ಎಂದು ಇನ್ನೂ ನಾಲ್ಕು ನಳಿಕೆಗಳಿರುತ್ತವೆ. ಒಂಬತ್ತು ಕಿಲೋ ಮಗುವಿಗೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮಕ್ಕಳಿಗೆ ಎಷ್ಟು ಕಡಿಮೆ ರಕ್ತದಲ್ಲಿ ಮಾಡಲು ಸಾಧ್ಯವೆಂದು ಪ್ರಯೋಗಾಲಯವನ್ನು ಮುಂಚೆಯೇ ಕೇಳಿ, ಎಲ್ಲವನ್ನೂ ಒಂದೇ ಚುಚ್ಚುವಿಕೆಯಲ್ಲಿ ತೆಗೆಯುವಂತೆ ನೋಡಿಕೊಳ್ಳಿ.

ಮಗನಿಗೆ ಕಿಡ್ನಿ ಕೊಟ್ಟ ತಂದೆ

ಬಹಳ ಉಪಕಾರವಾಯಿತು. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಇದು ಅರ್ಥವಾಯಿತು. ಅರ್ಜಿಯಲ್ಲಿ ಸಂಬಂಧದ ಅಂಕಣವಿತ್ತು, ಅದನ್ನು ಯಾರು ಏನೆಂದು ತುಂಬಿದ್ದಾರೋ ನಾಳೆಯೇ ವಿಚಾರಿಸುತ್ತೇನೆ.

ಚರ್ಚೆ ಆರಂಭಿಸಿದ ತಾಯಿ

ಇಬ್ಬರಿಗೂ ಧನ್ಯವಾದಗಳು. ಡಾಕ್ಟರ್ ಮೇಡಂ, ಶೇ 59 ಎಂಬುದನ್ನು ಓದಿ ಗಾಬರಿಯಾಯಿತು. ನಮ್ಮ ವರದಿಯ ಜೊತೆಗಿದ್ದ ಹಾಳೆಯಲ್ಲಿ, ಫಲಿತಾಂಶ ಕಡಿಮೆ ಬಂದರೆ ರಿಜೆಕ್ಷನ್ ಇಲ್ಲವೆಂದು ಶೇ 95ರಷ್ಟು ಖಚಿತವಾಗಿ ನಂಬಬಹುದು ಎಂಬ ಅರ್ಥದ ಮಾತಿತ್ತು. ಎರಡೂ ಹೇಗೆ ನಿಜವಾಗುತ್ತವೆ?

ಮಕ್ಕಳ ಮೂತ್ರಪಿಂಡ ತಜ್ಞೆ

ಎರಡೂ ನಿಜವಾಗಬಹುದು, ಮೇಡಂ. ಕಾಗದ ಪೆನ್ಸಿಲ್ ತೆಗೆದುಕೊಂಡು ಒಮ್ಮೆ ಲೆಕ್ಕ ಹಾಕಿದರೆ ಮತ್ತೆಂದೂ ಮರೆಯುವುದಿಲ್ಲ. ಸುಮ್ಮನೆ ಉದಾಹರಣೆಗೆಂದು, ಆರೋಗ್ಯವಾಗಿ ಕಾಣುವ 200 ಮಕ್ಕಳಿದ್ದಾರೆ, ಅವರಲ್ಲಿ 20 ಮಕ್ಕಳಿಗೆ ಒಳಗೊಳಗೇ ರಿಜೆಕ್ಷನ್ ಇದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಆ 20ರಲ್ಲಿ ಶೇ 60ರಷ್ಟನ್ನು, ಅಂದರೆ 12 ಮಕ್ಕಳನ್ನು ಹಿಡಿಯುತ್ತದೆ, 8 ಮಕ್ಕಳು ತಪ್ಪಿಹೋಗುತ್ತಾರೆ. ಉಳಿದ 180 ಮಕ್ಕಳಲ್ಲಿ ಶೇ 15ರಷ್ಟು, ಅಂದರೆ 27 ಮಕ್ಕಳಿಗೆ ಏನೂ ಇಲ್ಲದಿದ್ದರೂ ಸಂಖ್ಯೆ ಹೆಚ್ಚು ಬರುತ್ತದೆ. ಈಗ ನೋಡಿ: ಕಡಿಮೆ ಬಂದವರು 161 ಮಕ್ಕಳು, ಅವರಲ್ಲಿ ರಿಜೆಕ್ಷನ್ ಇರುವವರು 8. ಹಾಗಾಗಿ ಕಡಿಮೆ ಬಂದವರಲ್ಲಿ ಶೇ 95 ಮಂದಿಗೆ ರಿಜೆಕ್ಷನ್ ಇಲ್ಲ ಎನ್ನುವುದು ಸರಿಯೇ. ಆದರೆ ಪರೀಕ್ಷೆಯನ್ನೇ ಮಾಡದೆ ಹೋಗಿದ್ದರೂ ಶೇ 90 ಮಂದಿಗೆ ರಿಜೆಕ್ಷನ್ ಇಲ್ಲವೆಂದು ಹೇಳಬಹುದಿತ್ತು! ಇತ್ತ ರಿಜೆಕ್ಷನ್ ಇದ್ದ 20 ಮಕ್ಕಳಲ್ಲಿ 8 ಮಕ್ಕಳು ಕೈತಪ್ಪಿದರು ಎನ್ನುವುದೂ ಅಷ್ಟೇ ಸರಿ. ಹೆಚ್ಚು ಬಂದ 39 ಮಕ್ಕಳಲ್ಲಿ ನಿಜವಾಗಿ ರಿಜೆಕ್ಷನ್ ಇದ್ದವರು 12, ಸುಮಾರು ಮೂರರಲ್ಲಿ ಒಬ್ಬರು. ಹಾಳೆಯಲ್ಲಿ ಮುದ್ರಿಸುವವರು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಬೇಕು.

ತಪ್ಪಿಹೋಗುವ ಆ 8 ಮಕ್ಕಳು ಯಾರಿರಬಹುದು ಎಂಬುದಕ್ಕೂ ಒಂದು ಕಾರಣವಿದೆ. ರಿಜೆಕ್ಷನ್ ಎಂಬುದು ಮುಖ್ಯವಾಗಿ ಎರಡು ಬಗೆ. ಪ್ರತಿಕಾಯಗಳಿಂದ ಆಗುವ ರಿಜೆಕ್ಷನ್‌ನಲ್ಲಿ ಪೆಟ್ಟು ಬೀಳುವುದು ಕಿಡ್ನಿಯ ಸೂಕ್ಷ್ಮ ರಕ್ತನಾಳಗಳ ಒಳಪದರಕ್ಕೆ, ಅಲ್ಲಿ ಸತ್ತ ಕೋಶದ ಡಿಎನ್‌ಎ ನೇರವಾಗಿ ರಕ್ತಕ್ಕೆ ಸೇರುತ್ತದೆ. ಟಿ ಜೀವಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳಿಂದ ಆಗುವ ರಿಜೆಕ್ಷನ್ ಸೌಮ್ಯವಾಗಿದ್ದಾಗ ಉರಿಯೂತವೆಲ್ಲ ಮೂತ್ರ ಸಾಗುವ ಸೂಕ್ಷ್ಮ ಕೊಳವೆಗಳ ಸುತ್ತಮುತ್ತ ಇರುತ್ತದೆ, ರಕ್ತಕ್ಕೆ ಅಷ್ಟು ಸೋರಿಕೆಯಾಗುವುದಿಲ್ಲ. ಆದ್ದರಿಂದ ಈ ಪರೀಕ್ಷೆ ಮೊದಲನೆಯದನ್ನು ಚೆನ್ನಾಗಿ ಹಿಡಿಯುತ್ತದೆ, ಎರಡನೆಯದರ ಸೌಮ್ಯ ರೂಪವನ್ನು ಹಲವು ಬಾರಿ ಬಿಟ್ಟುಬಿಡುತ್ತದೆ. ಇದರ ಜೊತೆಗೆ ಎಚ್‌ಎಲ್‌ಎ (ದಾನಿಯ ಕೋಶಗಳ ಮೇಲಿರುವ ಗುರುತುಗಳು) ವಿರುದ್ಧದ ಪ್ರತಿಕಾಯಗಳ ಪರೀಕ್ಷೆಯನ್ನು ಸೇರಿಸಿಕೊಂಡು ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ.

ನೀವು ಎತ್ತಿದ ದೊಡ್ಡ ಪ್ರಶ್ನೆ ಬಯಾಪ್ಸಿ ಏಕೆ ಎಂಬುದು. ಸಂಖ್ಯೆ ಏರಿತು ಎಂದರೆ ಕಿಡ್ನಿಯ ಕೋಶಗಳು ಹೆಚ್ಚಾಗಿ ಸಾಯುತ್ತಿವೆ ಎಂದಷ್ಟೇ ಅರ್ಥ. ಕೊಲ್ಲುತ್ತಿರುವುದು ಯಾವುದೆಂದು ಅದು ಹೇಳುವುದಿಲ್ಲ. ರಿಜೆಕ್ಷನ್ ಇರಬಹುದು, ಕಿಡ್ನಿಗೆ ಏರಿದ ಮೂತ್ರದ ಸೋಂಕು ಇರಬಹುದು, ಬಿಕೆ ಎಂಬ ವೈರಸ್ ಇರಬಹುದು. ರಿಜೆಕ್ಷನ್ ಆದರೆ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧವನ್ನು ಹೆಚ್ಚಿಸಬೇಕು, ಬಿಕೆ ವೈರಸ್ ಆದರೆ ಅದೇ ಔಷಧವನ್ನು ಇಳಿಸಬೇಕು. ಚಿಕಿತ್ಸೆ ಪೂರ್ತಿ ವಿರುದ್ಧ ದಿಕ್ಕಿನದು. ಸಂಖ್ಯೆಯನ್ನು ಮಾತ್ರ ನೋಡಿ ಸ್ಟೆರಾಯ್ಡ್ ಸುರಿದರೆ ವೈರಸ್‌ಗೆ ಕೈಯಾರೆ ದಾರಿ ಮಾಡಿಕೊಟ್ಟಂತೆ. ನನ್ನ ದೃಷ್ಟಿಯಲ್ಲಿ ಈ ರಕ್ತಪರೀಕ್ಷೆಯ ನಿಜವಾದ ಉಪಯೋಗವೆಂದರೆ ಯಾವ ಮಗುವಿಗೆ, ಯಾವಾಗ ಬಯಾಪ್ಸಿ ಬೇಕು ಎಂದು ತೀರ್ಮಾನಿಸಲು ಸಹಾಯ ಮಾಡುವುದು. ಅಗತ್ಯವಿಲ್ಲದ ಹತ್ತು ಬಯಾಪ್ಸಿಗಳನ್ನು ತಪ್ಪಿಸಿ, ಅಗತ್ಯವಿರುವ ಒಂದನ್ನು ಬೇಗ ಮಾಡಿಸಿದರೆ ಅದು ತನ್ನ ಕೆಲಸವನ್ನು ಮಾಡಿದಂತೆಯೇ.

ಬಯಾಪ್ಸಿಯೂ ದೋಷವಿಲ್ಲದ್ದೇನಲ್ಲ. ಕಡ್ಡಿಯಷ್ಟು ತೆಳುವಾದ ಚೂರಿನಲ್ಲಿ ಕನಿಷ್ಠ 10 ಸೋಸುಗುಚ್ಛಗಳೂ (ರಕ್ತ ಸೋಸುವ ಸೂಕ್ಷ್ಮನಾಳಗಳ ಗುಂಪುಗಳು) 2 ಅಪಧಮನಿಗಳೂ ಇರಬೇಕೆಂದು ಕಸಿಯ ಬಯಾಪ್ಸಿಗಳನ್ನು ಓದಲು ಬಳಸುವ ಬಾನ್ಫ್ ವರ್ಗೀಕರಣ ಕೇಳುತ್ತದೆ. ರೋಗವಿರುವ ಜಾಗ ಆ ಚೂರಿನಲ್ಲಿ ಸಿಗದೆಯೂ ಹೋಗಬಹುದು. ಆದರೂ ಗಾಯದ ಕಲೆ ಎಷ್ಟಿದೆ, ಔಷಧದಿಂದಲೇ ಹಾನಿಯಾಗಿದೆಯೇ, ಮೂಲ ಕಾಯಿಲೆ ಮರುಕಳಿಸಿದೆಯೇ ಎಂಬುದನ್ನು ಇಂದಿಗೂ ಕಣ್ಣಾರೆ ತೋರಿಸುವುದು ಅದೊಂದೇ.

ಕಸಿಯಾಗಿ ಹದಿನಾಲ್ಕು ವರ್ಷವಾದ ಯುವಕ

ಅಕ್ಕ, ನನಗೆ ಒಂಬತ್ತನೇ ವಯಸ್ಸಿನಲ್ಲಿ ಕಸಿಯಾಯಿತು, ಈಗ ಇಪ್ಪತ್ತಮೂರು. ಹೊಸ ಪರೀಕ್ಷೆಗಳ ಚರ್ಚೆಯಲ್ಲಿ ಹಳೆಯ ರಕ್ತಪರೀಕ್ಷೆಯೊಂದನ್ನು ಮರೆಯಬಾರದೆಂದು ಹೇಳಲು ಬರೆಯುತ್ತಿದ್ದೇನೆ.

ಹದಿನಾರು ಹದಿನೇಳನೇ ವಯಸ್ಸಿನಲ್ಲಿ ನಾನು ಸಂಜೆಯ ಮಾತ್ರೆಗಳನ್ನು ಆಗಾಗ ತಪ್ಪಿಸುತ್ತಿದ್ದೆ. ಸ್ನೇಹಿತರ ಎದುರಿಗೆ ಮಾತ್ರೆಯ ಡಬ್ಬಿ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವ ಮೂರು ದಿನ ಮುಂಚಿನಿಂದ ಮಾತ್ರ ಗಡಿಯಾರ ನೋಡಿಕೊಂಡು ನುಂಗುತ್ತಿದ್ದೆ. ಆದರೂ ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಂಬ ರಿಜೆಕ್ಷನ್ ತಡೆಯುವ ಔಷಧದ ಮಟ್ಟ ಒಮ್ಮೆ 9, ಒಮ್ಮೆ 3, ಮತ್ತೊಮ್ಮೆ 7 ಎಂದು ಅಂಕುಡೊಂಕಾಗಿ ಬರುತ್ತಿತ್ತು. ಒಂದೊಂದನ್ನೇ ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕ್ರಿಯಾಟಿನಿನ್ ಸರಿಯಾಗಿಯೇ ಇತ್ತು. ಒಂದು ವರ್ಷದ ಮಟ್ಟಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ನನ್ನ ಮುಂದೆ ಇಟ್ಟವರು ಹೊಸದಾಗಿ ಬಂದ ನರ್ಸ್ ಅಕ್ಕ. ಅವರು ಬೈಯಲಿಲ್ಲ, ಯಾವ ಹೊತ್ತಿನ ಮಾತ್ರೆ ಕಷ್ಟವಾಗುತ್ತಿದೆ ಎಂದು ಮಾತ್ರ ಕೇಳಿದರು. ಅಷ್ಟರಲ್ಲಿ ದಾನಿಯ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಂಡಿದ್ದವು, ಬಯಾಪ್ಸಿಯಲ್ಲಿ ಪ್ರತಿಕಾಯದ ರಿಜೆಕ್ಷನ್ ಆರಂಭವಾಗಿರುವುದು ಕಂಡಿತು. ಚಿಕಿತ್ಸೆಯಿಂದ ಕಿಡ್ನಿ ಉಳಿದಿದೆ, ಆದರೆ ಮೊದಲಿನಷ್ಟು ಶಕ್ತಿ ಉಳಿದಿಲ್ಲ.

ನಿಮ್ಮ ಮಗಳು ಇನ್ನೂ ಚಿಕ್ಕವಳು, ಮಾತ್ರೆ ನಿಮ್ಮ ಕೈಯಲ್ಲಿದೆ. ಮುಂದೊಂದು ದಿನ ಅವಳ ಕೈಗೆ ಹೋಗುತ್ತದೆ. ಆಗ ಯಾರಾದರೂ ಆ ಸಂಖ್ಯೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಡುವಂತಾಗಲಿ.

ಮಕ್ಕಳ ಮೂತ್ರಪಿಂಡ ತಜ್ಞೆ

ನೀವು ಇದನ್ನು ಬರೆದದ್ದಕ್ಕೆ ನಾನು ಕೃತಜ್ಞಳು. ಹದಿಹರೆಯದ ಕೊನೆಯಿಂದ ಇಪ್ಪತ್ತರ ಆರಂಭದವರೆಗಿನ ವರ್ಷಗಳಲ್ಲಿ ಕಸಿ ಮಾಡಿದ ಕಿಡ್ನಿ ನಷ್ಟವಾಗುವ ಅಪಾಯ ಹೆಚ್ಚೆಂಬುದು ನಮಗೆಲ್ಲ ಗೊತ್ತಿರುವ ಮಾತು. ಮಟ್ಟದ ಸರಾಸರಿಗಿಂತ ಅದರ ಏರಿಳಿತವೇ ಮೊದಲು ಎಚ್ಚರಿಸುತ್ತದೆ.

ಮಗನಿಗೆ ಕಿಡ್ನಿ ಕೊಟ್ಟ ತಂದೆ

ಡಾಕ್ಟರ್ ಮೇಡಂ, ಇನ್ನೊಂದು ಪ್ರಶ್ನೆ. ರಕ್ತದಲ್ಲಿ ವಂಶವಾಹಿಗಳ ಚಟುವಟಿಕೆಯನ್ನೇ ಅಳೆದು ರಿಜೆಕ್ಷನ್ ಬರುವ ಮೊದಲೇ ಹೇಳುವ ಪರೀಕ್ಷೆಯೂ ಇದೆಯೆಂದು ಓದಿದ್ದೆ. ಮೂತ್ರದಲ್ಲೇ ತಿಳಿಯುತ್ತದೆಂದೂ ಕೇಳಿದ್ದೇನೆ. ಅವುಗಳನ್ನು ಏಕೆ ಮಾಡಿಸುವುದಿಲ್ಲ?

ಮಕ್ಕಳ ಮೂತ್ರಪಿಂಡ ತಜ್ಞೆ

ಸಾರ್, ನೀವು ಓದಿದ್ದು ಬಹುಶಃ ಕೆಸಾರ್ಟ್ ಎಂಬುದರ ಬಗ್ಗೆ. 17 ವಂಶವಾಹಿಗಳನ್ನು ರಕ್ತದಲ್ಲಿ ಅಳೆಯುವ ಆ ಪರೀಕ್ಷೆಯ ಫಲಿತಾಂಶಗಳು 2014ರಲ್ಲಿ ಪ್ರಕಟವಾದಾಗ ನಾವೆಲ್ಲ ಬಹಳ ಸಂತೋಷಪಟ್ಟಿದ್ದೆವು. ನಂತರ ಬೇರೆ ಸಂಶೋಧಕರು ಹಲವು ಕೇಂದ್ರಗಳ ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ ನೋಡಿದಾಗ ರಿಜೆಕ್ಷನ್ ಇರುವವರನ್ನೂ ಇಲ್ಲದವರನ್ನೂ ಅದು ಬೇರ್ಪಡಿಸಲಿಲ್ಲ. ಹೊಸ ಪರೀಕ್ಷೆಯನ್ನು ಕಂಡುಹಿಡಿದವರ ಕೈಯಿಂದ ಆಚೆಗೆ ತಂದು ಬೇರೆಯವರು ಪರೀಕ್ಷಿಸುವವರೆಗೆ ಕಾಯಬೇಕೆಂದು ನಾನು ಕಲಿತದ್ದು ಅಲ್ಲಿಂದ. ಮಕ್ಕಳಿಗೆಂದೇ ಅನುಮತಿ ಪಡೆದ ಪ್ಲೆಕ್ಸಿಮ್ಯೂನ್ ಎಂಬ ರಕ್ತಪರೀಕ್ಷೆ ಅಮೆರಿಕದಲ್ಲಿ 2014ರಲ್ಲಿ ಬಂತು. ಆದರೆ ಅದು ಪಿತ್ತಜನಕಾಂಗ ಅಥವಾ ಸಣ್ಣ ಕರುಳಿನ ಕಸಿಯಾದ 21 ವರ್ಷದೊಳಗಿನವರಿಗೆ, ಕಿಡ್ನಿಗಲ್ಲ.

ಮೂತ್ರದಲ್ಲಿ ಸಿಎಕ್ಸ್‌ಸಿಎಲ್10 ಎಂಬ ಉರಿಯೂತದ ಸೂಚಕವನ್ನು ಅಳೆಯುವುದು ಮಕ್ಕಳಲ್ಲಿಯೂ ಅಧ್ಯಯನವಾಗಿದೆ. ಸೂಜಿಯೇ ಬೇಡವೆಂಬುದು ಅದರ ಹೆಚ್ಚುಗಾರಿಕೆ. ದಾನಿಯ ಡಿಎನ್‌ಎ ಪರೀಕ್ಷೆಗೆ ಸಿಗದೆ ತಪ್ಪಿಹೋಗುವ ಟಿ ಜೀವಕೋಶದ ರಿಜೆಕ್ಷನ್ ಇದರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಆದರೆ ಮೂತ್ರದ ಸೋಂಕು, ಬಿಕೆ ವೈರಸ್ ಎರಡರಲ್ಲಿಯೂ ಅದು ಏರುತ್ತದೆ. ದಾನಿಯ ಡಿಎನ್‌ಎ ಪರೀಕ್ಷೆ, ಈ ಮೂತ್ರಪರೀಕ್ಷೆ ಎರಡೂ ಮುಂದೆ ಜೊತೆಯಾಗಿ ಬಳಕೆಗೆ ಬರಬಹುದೆಂಬುದು ನನ್ನ ನಿರೀಕ್ಷೆ.

ಚರ್ಚೆ ಆರಂಭಿಸಿದ ತಾಯಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ನಡುವೆ ವಿಚಾರಿಸಿಕೊಂಡ ಎಲ್ಲರಿಗೂ ಧನ್ಯವಾದಗಳು.

ಮರುಪರೀಕ್ಷೆಯಲ್ಲಿ ದಾನಿಯ ಡಿಎನ್‌ಎ ಶೇ 1.3 ಬಂತು. ಅದೇ ದಿನ ತೆಗೆದ ರಕ್ತದಲ್ಲಿ ಕ್ರಿಯಾಟಿನಿನ್ 0.5, ದಾನಿಯ ವಿರುದ್ಧ ಪ್ರತಿಕಾಯಗಳಿಲ್ಲ, ಟ್ಯಾಕ್ರೋಲಿಮಸ್ ಮಟ್ಟ ಸರಿಯಾಗಿದೆ. ಆದರೆ ಬಿಕೆ ವೈರಸ್ ಪ್ರತಿ ಮಿ.ಲೀ.ಗೆ ಹನ್ನೆರಡು ಸಾವಿರದಷ್ಟಿತ್ತು. ಎರಡು ತಿಂಗಳ ಹಿಂದಿನ ಮಾದರಿಯಲ್ಲಿ ಅದು ಇರಲೇ ಇಲ್ಲ. ವೈರಸ್ ಒಂದೇ ಕಾರಣವೋ, ಜೊತೆಗೆ ರಿಜೆಕ್ಷನ್ ಕೂಡ ಇದೆಯೋ ಎಂದು ತಿಳಿಯಲು ಬಯಾಪ್ಸಿ ಬೇಕೆಂದರು. ಡಾಕ್ಟರ್ ಮೇಡಂ, ನೀವು ಬರೆದಿದ್ದ ವಿರುದ್ಧ ದಿಕ್ಕಿನ ಮಾತನ್ನು ಓದಿರದಿದ್ದರೆ ನಾನು ಖಂಡಿತ ಬೇಡವೆನ್ನುತ್ತಿದ್ದೆ. ಈ ಬಾರಿ ಒಪ್ಪಿಕೊಂಡೆ. ಡಿಎನ್‌ಎಗೆ ಇನ್ನೊಂದು ಮಾದರಿ ಬೇಕಾದರೆ ಬಯಾಪ್ಸಿಗೆ ಮೊದಲೇ ತೆಗೆಯಿರಿ ಎಂದು ನಾನೇ ನೆನಪಿಸಿದೆ. ಅಲ್ಲಿದ್ದ ಕಿರಿಯ ವೈದ್ಯರು ತಲೆಯಾಡಿಸಿ ನಳಿಕೆ ತರಿಸಿದರು.

ಬಯಾಪ್ಸಿಯಲ್ಲಿ ಒಂದೆರಡು ಕಡೆ ವೈರಸ್ ತಗಲಿದ ಕೋಶಗಳು ವಿಶೇಷ ಬಣ್ಣ ಹಾಕಿದಾಗ ಕಂಡವಂತೆ. ರಿಜೆಕ್ಷನ್ ಎಂದು ಹೇಳುವಂಥದ್ದು ಸಿಗಲಿಲ್ಲ. ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಮೈಕೋಫಿನೊಲೇಟ್ ಔಷಧವನ್ನು ಅರ್ಧಕ್ಕೆ ಇಳಿಸಿದ್ದಾರೆ. ಔಷಧ ಇಳಿಸಿದಾಗ ರಿಜೆಕ್ಷನ್ ತಲೆಯೆತ್ತುವ ಭಯವಿರುವುದರಿಂದ ಎರಡು ವಾರಕ್ಕೊಮ್ಮೆ ವೈರಸ್ ಎಣಿಕೆ, ತಿಂಗಳಿಗೊಮ್ಮೆ ದಾನಿಯ ಡಿಎನ್‌ಎ ಮತ್ತು ಪ್ರತಿಕಾಯಗಳ ಪರೀಕ್ಷೆ ಆಗಬೇಕು. ಮೊದಲ ಎಣಿಕೆ ಏಳು ಸಾವಿರಕ್ಕೆ ಇಳಿದಿದೆ.

ತಮ್ಮ ಹೇಳಿದಂತೆ ಅಡುಗೆಮನೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದೇನೆ. ದಿನಾಂಕ, ಕ್ರಿಯಾಟಿನಿನ್, ಟ್ಯಾಕ್ರೋಲಿಮಸ್, ವೈರಸ್, ದಾನಿಯ ಡಿಎನ್‌ಎ ಎಂದು ಐದು ಅಂಕಣಗಳಿವೆ. ಕೊನೆಯ ಅಂಕಣದ ತಲೆಬರಹವನ್ನು ಮಗಳು ಹಠ ಹಿಡಿದು ತಾನೇ ಬರೆದಿದ್ದಾಳೆ: ಅಪ್ಪನ ಚೂರು. ಮುಂದಿನ ಮಾದರಿ ಬರುವ ಸೋಮವಾರ.